ತೌಡಿನಲ್ಲಿ ಉಳಿದ ಎರಡು ಬುಷ್

ಜನವರಿಯ ಒಂದು ಭಾನುವಾರ, ಸೂರ್ಯ ಇನ್ನೂ ಪೂರ್ತಿ ಮೇಲೆ ಬಂದಿಲ್ಲ. ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಉಸ್ಮಾನ್‌ಸಾಬ್ ಅವರ ಬೇರಿಂಗ್ ಅಂಗಡಿಯ ಶಟರ್ ಅರ್ಧಕ್ಕೇ ನಿಂತಿದೆ. ಒಳಗೆ ಬಲ್ಬಿನ ಬೆಳಕಿನಲ್ಲಿ ಗಂಗಾದೇವಿ ಮಣೆಯ ಮೇಲೆ ಕೂತು ತೌಡು ಜರಡಿ ಹಿಡಿಯುತ್ತಿದ್ದಾರೆ. ದನಕ್ಕಾಗಿ ಅಲ್ಲ. ತೊಳೆದ ಬೋಲ್ಟು, ವಾಷರುಗಳ ಮೇಲಿನ ಎಣ್ಣೆ ಹೋಗಬೇಕೆಂದರೆ ತೌಡಿನಲ್ಲಿ ಹೊರಳಿಸುವುದು ಇಲ್ಲಿನ ಅಕ್ಕಿ ಗಿರಣಿಗಳಲ್ಲಿ ಬೆಳೆದವರ ರೂಢಿ. ಬಟ್ಟೆ ಹೀರದ್ದನ್ನು ತೌಡು ಹೀರುತ್ತದೆ. ಈ ಊರಿನಲ್ಲಿ ತೌಡಿಗೇನು ಬರವಿಲ್ಲ. ಹಿಂದಿನ ದಿನದ ತೌಡನ್ನು ಹೀಗೆ ಜರಡಿ ಹಿಡಿದರೆ ಎಣ್ಣೆಗೆ ಗಂಟುಗಟ್ಟಿದ್ದು ಮೇಲೆ ನಿಲ್ಲುತ್ತದೆ, ಉಳಿದದ್ದು ಇನ್ನೊಂದು ದಿನಕ್ಕೆ ಬರುತ್ತದೆ.

ಜರಡಿಯೊಳಗೆ ಏನೋ ಕಿಣ್ ಎನ್ನುತ್ತದೆ. ಅವರ ಕೈ ನಿಲ್ಲುತ್ತದೆ. ಗಂಟು ತೌಡನ್ನು ಬೆರಳಿನಿಂದ ಬಿಡಿಸಿದರೆ ನೀಲಿ ಬಣ್ಣದ ಎರಡು ಲೋಹದ ತುಂಡು. ಮಗುವಿನ ಕಿರುಬೆರಳಿಗೆ ತೊಡಿಸಬಹುದಾದಷ್ಟು ಸಣ್ಣ ಕೊಳವೆಗಳು. ಗಂಗಾದೇವಿ ಅವನ್ನು ಅಂಗೈಯಲ್ಲಿ ಇಟ್ಟುಕೊಂಡು ಬಲ್ಬಿನ ಬೆಳಕಿಗೆ ಹಿಡಿಯುತ್ತಾರೆ.

ಮಕ್ಕಳು ಕಾಲಿಗೆ ಕಟ್ಟಿಕೊಂಡು ಓಡುವ ಸ್ಕೇಟ್‌ನಲ್ಲಿ ಗಾಲಿಗಳು ಒಂದರ ಹಿಂದೆ ಒಂದು ಸಾಲಾಗಿ ಇರುತ್ತವೆ. ಪ್ರತಿ ಗಾಲಿಯ ಒಳಗೆ ಆ ಕಡೆಗೊಂದು ಈ ಕಡೆಗೊಂದು ಬೇರಿಂಗ್. ಅವೆರಡರ ನಡುವೆ ಅಂತರ ಕಾಯುವುದು ಈ ಸಣ್ಣ ಕೊಳವೆ, ಅಂಗಡಿಯ ಮಾತಿನಲ್ಲಿ ಬುಷ್. ಬುಷ್ ಇಲ್ಲದೆಯೂ ಗಾಲಿ ಕೂಡುತ್ತದೆ, ಕೈಯಲ್ಲಿ ಚೆಂದಾಗಿಯೇ ತಿರುಗುತ್ತದೆ. ಆದರೆ ಬೋಲ್ಟು ಬಿಗಿದ ಕೂಡಲೇ ಎರಡೂ ಬೇರಿಂಗ್ ಒಳಕ್ಕೆ ಒತ್ತಿ ಗಾಲಿ ಹಿಡಿದುಕೊಳ್ಳುತ್ತದೆ. ಬಿಗಿಯದೆ ಸಡಿಲ ಬಿಟ್ಟರೆ ಓಡುವಾಗ ಬೋಲ್ಟೇ ಕಳಚಬಹುದು. ಎರಡರಲ್ಲಿ ಯಾವುದು ಆದರೂ, ತಿರುವಿನಲ್ಲಿ ಓಡುತ್ತಿರುವ ಮಗು ಬೀಳುತ್ತದೆ.

ನೀಲಿ ಬುಷ್ ಇರುವುದು ಒಬ್ಬಳ ಸ್ಕೇಟ್‌ನಲ್ಲಿ ಮಾತ್ರ. ಆಕೆ ಶೈಲಜಾ, ಹನ್ನೆರಡರ ಹುಡುಗಿ. ಜಿಲ್ಲಾ ತಂಡದ ಆಯ್ಕೆ ಇಂದು ಲಿಂಗಸುಗೂರಿನಲ್ಲಿದೆ. ಅವಳನ್ನೂ ಉಳಿದ ಮಕ್ಕಳನ್ನೂ ಕೂಡಿಸಿಕೊಂಡು ತರಬೇತುದಾರ ಶಿವಕಾಂತ ಕತ್ತಲಿರುವಾಗಲೇ ಕ್ರೂಸರ್ ಜೀಪಿನಲ್ಲಿ ಹೊರಟು ಹೋಗಿದ್ದಾರೆ. ಹೋದ ವರ್ಷ ಅಭ್ಯಾಸದ ಹೊತ್ತಿನಲ್ಲಿ ಬಿದ್ದು ಎಡಗೈ ಮುರಿದುಕೊಂಡ ಹುಡುಗಿ ಆಕೆ. ಪ್ಲಾಸ್ಟರ್ ಬಿಚ್ಚಿದ ಮೇಲೂ ಆ ಕೈಯಲ್ಲಿ ಕೊಡ ಎತ್ತಲು ಮೂರು ತಿಂಗಳು ಹಿಡಿಯಿತು.

ಗಂಗಾದೇವಿ ಶಿವಕಾಂತರಿಗೆ ಫೋನ್ ಹಚ್ಚುತ್ತಾರೆ. ರಿಂಗಾಗಿ ರಿಂಗಾಗಿ ಕಟ್ ಆಗುತ್ತದೆ. ಮಕ್ಕಳ ಜೊತೆ ಹೊರಟರೆ ಫೋನನ್ನು ಬ್ಯಾಗಿನ ತಳಕ್ಕೆ ಹಾಕುವುದು ಅವರ ಅಭ್ಯಾಸ. ಮೊಮ್ಮಗಳ ಜೊತೆ ಹೋಗಿರುವ ಅಜ್ಜಿ ಪಾರ್ವತೆಮ್ಮನವರಿಗೆ ಹಚ್ಚಿದರೆ ಸೊಸೆ ಎತ್ತಿ, "ಅತ್ತಿಯಾರು ಫೋನ್ ಇಲ್ಲೇ ಬಿಟ್ಟು ಹೋಗ್ಯಾರ್ರೀ. ಏನು ಹೇಳ್ಬೇಕಿತ್ತು?" ಎನ್ನುತ್ತಾಳೆ. ಮನೆಯಲ್ಲಿ ಕೂತವಳನ್ನು ಹೆದರಿಸಿ ಫಲವಿಲ್ಲ. "ಏನಿಲ್ಲ ತಗೋರಿ" ಎಂದು ಇಟ್ಟುಬಿಡುತ್ತಾರೆ.

ಅಷ್ಟರಲ್ಲಿ ಉಸ್ಮಾನ್‌ಸಾಬ್ ಶಟರ್ ಪೂರ್ತಿ ಎತ್ತಿಕೊಂಡು ಒಳಗೆ ಬರುತ್ತಾರೆ.

"ಏನಮ್ಮಾ, ಮುಖ ಯಾಕ ಹಂಗ ಮಾಡ್ಕೊಂಡು ಕುಂತಿ? ಜರಡ್ಯಾಗ ಚೇಳು ಬಂತೇನು?"

"ಚೇಳು ಬಂದಿದ್ರ ಛಲೋ ಇತ್ತರೀ. ನೋಡ್ರಿಲ್ಲಿ."

ಅಂಗೈ ನೋಡಿದವರು ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾರೆ. "ಯಾ ಅಲ್ಲಾ. ಇದು ಮಿಲ್‌ನ ಹುಡುಗಿ ಶೈಲಜಾಂದಲ್ಲ?"

"ಎರಡು ಗಾಲಿ ಖಾಲಿ ಹೋಗ್ಯಾವ್ರಿ. ನಾನ ಕೂಡ್ಸಿ ಕೊಟ್ಟೀನಿ. ಕಿವಿಗೆ ಹಿಡಿದು ಕೇಳಿ ಕೊಟ್ಟೀನಿ."

"ಮತ್ತ ಕುಂತಿ ಯಾಕ? ಏಳು. ಅಂಗಡಿ ಎಲ್ಲೂ ಓಡಿ ಹೋಗಂಗಿಲ್ಲ. ಬಸ್‌ಸ್ಟ್ಯಾಂಡಿಗೆ ಗಾಡಿ ಮ್ಯಾಲ ಬಿಡ್ತೀನಿ. ಜಲ್ದಿ!"

ಲಿಂಗಸುಗೂರಿನ ನೇರ ಬಸ್ಸು ಆಗಷ್ಟೇ ಹೋಗಿದೆ. ಮುದಗಲ್ ಬಸ್ಸು ನಿಂತಿದೆ. ಮಸ್ಕಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಗಂಗಾದೇವಿ ಅದಕ್ಕೇ ಹತ್ತುತ್ತಾರೆ. ಬುಷ್ ಎರಡೂ ಸೆರಗಿನ ಗಂಟಿನಲ್ಲಿವೆ, ಬೋಲ್ಟು ಬಿಗಿಯುವ ಕೀಲಿಯೂ ಅಲ್ಲೇ.

ಬಸ್ಸಿನಲ್ಲಿ ಕೂತವರ ಮನಸ್ಸು ಬಸ್ಸಿಗಿಂತ ಮುಂದೆ ಓಡುತ್ತದೆ, ಇಲ್ಲವೇ ಹಿಂದಕ್ಕೆ. ಗಂಗಾದೇವಿಯದು ನಿನ್ನೆಯ ಸಂಜೆಗೆ ಹೋಗಿ ನಿಲ್ಲುತ್ತದೆ. ಗಾಲಿ ಕೂಡಿಸುವ ಹೊತ್ತಿಗೇ ಪಾರ್ವತೆಮ್ಮ ಬಂದು ನಿಂತಿದ್ದರು. ಆಯ್ಕೆಗೆ ಹೋಗುವ ಗಡಿಬಿಡಿ, ಮೊಮ್ಮಗಳ ಮೇಲೆ ಸಿಟ್ಟು. "ಗಾಲಿ ಕಟ್ಕೊಂಡು ಓಡಾಕ ನೀ ಏನು ಟ್ರ್ಯಾಕ್ಟರ್ ಏನಬೇ?" ಎಂದು ಅವರು ಶೈಲಜಾಳನ್ನು ಬೈಯುತ್ತಿದ್ದರೆ, ಆಕೆ "ಟ್ರ್ಯಾಕ್ಟರಿಗೆ ಎಂಟು ಗಾಲಿ ಇರಂಗಿಲ್ಲಜ್ಜಿ" ಎಂದು ಎದುರಾಡುತ್ತಿದ್ದಳು. ಗಂಗಾದೇವಿ ನಕ್ಕರು. ನಗುತ್ತಲೇ ತೌಡಿನೊಳಗೆ ಕೈಹಾಕಿ ಸಿಕ್ಕಷ್ಟು ಬುಷ್ ತೆಗೆದು ಗಾಲಿ ಕೂಡಿಸಿದರು. ಪ್ರತಿ ಗಾಲಿಯನ್ನೂ ತಿರುಗಿಸಿ ಕಿವಿಯ ಹತ್ತಿರ ಹಿಡಿದರು. ಸದ್ದಿರಲಿಲ್ಲ. ಕೊನೆಯ ಬಿಗಿತ ಮಾತ್ರ ಅಂಗಳದಲ್ಲಿ ಮಕ್ಕಳೇ ಮಾಡಬೇಕೆಂಬುದು ಶಿವಕಾಂತರ ನಿಯಮ. ಹಾಗಾಗಿ ಬೋಲ್ಟುಗಳನ್ನು ಕೈಯಿಂದ ತಿರುವಿ, ಸಡಿಲವಾಗಿಯೇ ಕೊಟ್ಟು ಕಳಿಸಿದರು. ಸಡಿಲ ಗಾಲಿ ಈ ತಪ್ಪನ್ನು ಯಾರ ಕಿವಿಗೂ ಹೇಳುವುದಿಲ್ಲ.

ಗಂಗಾದೇವಿ ಹುಟ್ಟಿದ್ದು ಸಂತೆಕಲ್ಲೂರಿನಲ್ಲಿ, ಜೋಳ ತೊಗರಿಯ ಒಣ ನೆಲದಲ್ಲಿ. ಮದುವೆಯಾಗಿ ಹೋದದ್ದು ವಳಕಮದಿನ್ನಿಗೆ, ಕಾಲುವೆ ನೀರಿನ ಭತ್ತದ ನಾಡಿಗೆ. ಬದುಕಿನ ಅರ್ಧ ನಾಟಿಗೆ ಬಗ್ಗಿಯೇ ಹೋಯಿತು ಎನ್ನುತ್ತಾರೆ. ಗಂಡ ಸಿದ್ದರಾಮ ಭತ್ತ ಕೊಯ್ಯುವ ಯಂತ್ರದ ಡ್ರೈವರು. ಒಂದು ಸುಗ್ಗಿಯಲ್ಲಿ ಯಂತ್ರ ಗದ್ದೆಯ ನಡುವೆ ನಿಂತಾಗ, ಒಡೆದ ಬೇರಿಂಗ್ ಹಿಡಿದುಕೊಂಡು ಉಸ್ಮಾನ್‌ಸಾಬ್ ಅಂಗಡಿಗೆ ಬಂದವರು ಈಕೆ. ಹೊಸದು ಬರುವವರೆಗೆ ಕೂತಿರು ಎಂದರು. ಖಾಲಿ ಕೂತು ಅಭ್ಯಾಸವಿಲ್ಲದ ಗಂಗಾದೇವಿ ಎದುರಿಗಿದ್ದ ಡಬ್ಬಿಯ ಹಳೆಯ ಬೇರಿಂಗುಗಳನ್ನು ತೊಳೆದು ಸಾಲಾಗಿಟ್ಟರು. "ನಾಳಿಂದ ಬರ್ತೀಯೇನಮ್ಮಾ?" ಎಂದರು ಸಾಬರು. ಅವತ್ತಿನಿಂದ ಆ ಮಣೆ ಇವರದು.

"ನಾಟಿಗೆ ಹೋದ್ರ ಕಾಲು ನೀರಾಗ ಕೊಳೀತಿದ್ವು" ಎನ್ನುತ್ತಾರೆ. "ಇಲ್ಲಿ ಬೇರಿಂಗ್ ತೊಳಿಯೂ ಥಿನ್ನರ್‌ಗೆ ಕೈ ಉರೀತಾವ. ಆದ್ರ ಕೂತು ಮಾಡೋ ಕೆಲಸ ನೋಡ್ರಿ. ನಡಾ ನೆಟ್ಟಗ ಐತಿ."

ದಿನಕ್ಕೆ ಒಂದು ಬುಟ್ಟಿಯಷ್ಟು ಹಳೆಯ ಬೇರಿಂಗ್ ಅವರ ಕೈಯಡಿ ಹಾಯುತ್ತವೆ. ಮಿಲ್ಲಿನ ಬ್ಲೋವರು, ಕೊಯ್ಲು ಯಂತ್ರ, ಪಂಪ್‌ಸೆಟ್, ಮನೆಯ ಫ್ಯಾನು. ತೊಳೆದು, ಒಣಗಿಸಿ, ಬೆರಳಿಗೆ ಸಿಕ್ಕಿಸಿ ತಿರುಗಿಸಿ ಕಿವಿಗೆ ಹಿಡಿಯುತ್ತಾರೆ. ಕರಕರ ಎಂದರೆ ಗುಜರಿಗೆ. ಸದ್ದಿಲ್ಲದೆ ಓಡಿ ಸದ್ದಿಲ್ಲದೆ ನಿಂತರೆ ಮರಳಿ ಕೆಲಸಕ್ಕೆ. ರಸ್ತೆಯಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತಿರುವಾಗ ಈ ಹೆಂಗಸು ಒಂದು ಕಬ್ಬಿಣದ ಬಳೆಯ ಮೌನವನ್ನು ಹೇಗೆ ಕೇಳಿಸಿಕೊಳ್ಳುತ್ತಾರೋ ಎಂದು ನೋಡಿದವರಿಗೆ ಅನಿಸುತ್ತದೆ. ಕೇಳಿದರೆ ಅವರಿಗೂ ಗೊತ್ತಿಲ್ಲ.

ಸ್ಕೇಟ್‌ಗಳು ಈ ಅಂಗಡಿಗೆ ಬಂದದ್ದು ಮೂರು ವರ್ಷದ ಹಿಂದೆ. ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರಾಗಿರುವ ಶಿವಕಾಂತರಿಗೆ ಮಕ್ಕಳಿಗೆ ಸ್ಕೇಟಿಂಗ್ ಕಲಿಸುವ ಹುಚ್ಚು. ಊರಿನಲ್ಲಿ ನುಣುಪಾದ ಜಾಗವೆಲ್ಲಿದೆ? ಅಮರಗುಂಡಪ್ಪನವರ ರೈಸ್ ಮಿಲ್ಲಿನಲ್ಲಿ ಭತ್ತ ಒಣಗಿಸುವ ಸಿಮೆಂಟ್ ಕಣವಿದೆ. ಭತ್ತ ಹರವುವ ಮೊದಲು, ಬೆಳಗಿನ ಹೊತ್ತು, ಅದು ಮಕ್ಕಳದು. ಮಿಲ್ ಮಾಲೀಕರ ಮೊಮ್ಮಗಳೇ ಶೈಲಜಾ. ಎಷ್ಟು ಗುಡಿಸಿದರೂ ಆ ಕಣದಲ್ಲಿ ಹೊಟ್ಟು, ತೌಡಿನ ಧೂಳು ಇದ್ದೇ ಇರುತ್ತದೆ. ಅದು ಬೇರಿಂಗಿನ ಎಣ್ಣೆಗೆ ಸೇರಿ ಅಂಬಲಿಯಾಗುತ್ತದೆ. ಒಂದು ದಿನ ಶಿವಕಾಂತ ಚೀಲದ ತುಂಬ ಗಾಲಿ ತಂದು ಗಂಗಾದೇವಿಯ ಮುಂದೆ ಸುರಿದರು.

ಆಗ ಅವರು ಮಾಡಿದ್ದು ಇಲ್ಲಿ ಯಾರೇ ಆದರೂ ಮಾಡುವ ಕೆಲಸ. ಟ್ರ್ಯಾಕ್ಟರ್ ಗಾಲಿಗೆ ಮಾಡುವಂತೆ ಅಂಗೈಯಲ್ಲಿ ಗ್ರೀಸ್ ಇಟ್ಟು, ಬೇರಿಂಗಿನ ಹೊಟ್ಟೆ ತುಂಬುವವರೆಗೆ ಒತ್ತಿ ಒತ್ತಿ ತುಂಬಿದರು. ಮರುದಿನ ಮಕ್ಕಳು ಅಂಗಡಿಗೇ ಬಂದರು. "ಗಂಗತ್ತಿ, ಗಾಲಿ ಓಡವಲ್ವು. ಹೊಲ ಊಳಾಕತ್ತಾವ!" ಮತ್ತೆ ಎಲ್ಲವನ್ನೂ ಬಿಚ್ಚಿ ತೊಳೆದರು. ಮೆಷಿನ್ ಎಣ್ಣೆ ಎರಡೇ ಹನಿ ಸಾಕೆಂದು ಶಿವಕಾಂತ ತೋರಿಸಿಕೊಟ್ಟರು. ಬೇರಿಂಗಿನ ರಬ್ಬರ್ ಮುಚ್ಚಳವನ್ನು ಥಿನ್ನರ್‌ಗೆ ಹಾಕಿದರೆ ಉಬ್ಬಿ ಕೆಡುತ್ತದೆಂದು ಒಂದು ಜೊತೆ ಕೆಡಿಸಿದ ಮೇಲೆ ಇಬ್ಬರೂ ಕಲಿತರು. ಈಗ ಮುಚ್ಚಳವನ್ನು ಸೂಜಿಯಿಂದ ಎಬ್ಬಿಸಿ ಸಾಬೂನು ನೀರಿಗೆ ಹಾಕುತ್ತಾರೆ, ಬೇರಿಂಗನ್ನು ಮಾತ್ರ ಥಿನ್ನರ್‌ಗೆ. ಆಮೇಲೆ ಬಿಳಿ ಬಟ್ಟೆಯ ಮೇಲೆ ಬಿಸಿಲಿಗೆ. ಬೇರಿಂಗನ್ನು ಎಂದೂ ತೌಡಿನ ಹತ್ತಿರ ಬಿಡುವುದಿಲ್ಲ. ತೌಡು ಏನಿದ್ದರೂ ಬೋಲ್ಟು ಬುಷ್‌ಗಳಿಗೆ.

ಹೊಸ ಬೇರಿಂಗ್ ಕೊಳ್ಳುವ ತಂದೆ ತಾಯಂದಿರು ಪೆಟ್ಟಿಗೆಯ ಮೇಲಿನ ನಂಬರ್ ನೋಡುತ್ತಾರೆ. ಐದಕ್ಕಿಂತ ಏಳು ಮೇಲು, ಏಳಕ್ಕಿಂತ ಒಂಬತ್ತು ಮೇಲು ಎಂಬ ಲೆಕ್ಕ. "ನಂಬರ್ ದೊಡ್ಡದಿದ್ರ ಬ್ಯಾಡ ಅನ್ನಂಗಿಲ್ಲ" ಎನ್ನುತ್ತಾರೆ ಗಂಗಾದೇವಿ. "ಆದ್ರ ನಮ್ಮ ಕಣದಾಗ ಧೂಳು ಹಾರ್ತೈತಿ. ಮೊದಲು ಬಾಗಲಾ ಬರೋಬ್ಬರಿ ಮುಚ್ಚೇತೇನು ನೋಡ್ರಿ." ಅಂದರೆ ಎರಡೂ ಕಡೆ ರಬ್ಬರ್ ಮುಚ್ಚಳ ಇರುವಂಥದ್ದು. ಹೊಸದಾಗಿ ಕಲಿಯುವ ಮಕ್ಕಳಿಗೆ ಇನ್ನೊಂದು ಉಪಾಯವಿದೆ. ಗ್ರೈಂಡರಿನ ಮೋಟರಿನಲ್ಲಿ ಬರುವ, ಗಟ್ಟಿ ಗ್ರೀಸಿನ ಅದೇ ಅಳತೆಯ ಬೇರಿಂಗ್ ಹಾಕಿಕೊಡುತ್ತಾರೆ. ಗಾಲಿ ಮೆಲ್ಲಗೆ ಓಡುತ್ತದೆ. "ನಿಲ್ಲೂದು ಕಲಿಯೂಕಿಂತ ಮೊದಲ ಓಡೂದು ಕಲಿತ್ರ ಹಲ್ಲು ಉಳಿತಾವೇನ್ರಿ?"

ಇಷ್ಟೆಲ್ಲ ಜೋಪಾನ ಮಾಡಿದ ಕೈಯಿಂದಲೇ ಎರಡು ಗಾಲಿ ಖಾಲಿ ಹೋಗಿವೆ.

ಮಸ್ಕಿಯಲ್ಲಿ ಇಳಿದರೆ ಲಿಂಗಸುಗೂರಿನ ಬಸ್ಸು ನಿಂತಿದೆ, ಡ್ರೈವರ್ ಇಲ್ಲ. ಚಹಾದಂಗಡಿಯಲ್ಲಿ ಮಿರ್ಚಿ ತಿನ್ನುತ್ತಿರುವವನೇ ಡ್ರೈವರ್ ಎಂದು ಯಾರೋ ತೋರಿಸುತ್ತಾರೆ. ಗಂಗಾದೇವಿ ಅಲ್ಲಿಗೇ ಹೋಗಿ ನಿಲ್ಲುತ್ತಾರೆ.

"ಯಪ್ಪಾ, ಜರಾ ಜಲ್ದಿ ನಡಿಯಪ್ಪಾ."

"ಯಾಕಬೇ ಯಮ್ಮಾ, ದವಾಖಾನಿಗೇನು?"

"ದವಾಖಾನಿಗೆ ಹೋಗೂದು ಬ್ಯಾಡಂತನ ಹೊಂಟೀನಿ."

ಆತನಿಗೆ ಏನೂ ಅರ್ಥವಾಗುವುದಿಲ್ಲ. ಆದರೂ ಉಳಿದ ಮಿರ್ಚಿಯನ್ನು ಕಾಗದದಲ್ಲಿ ಸುತ್ತಿಕೊಂಡು ಏಳುತ್ತಾನೆ.

ಮಸ್ಕಿ ದಾಟಿದರೆ ಗದ್ದೆಯ ಹಸಿರು ಮುಗಿದು ಕಪ್ಪು ನೆಲ, ತೆನೆ ಹೊತ್ತ ಬಿಳಿಜೋಳ. ತವರಿನ ಕಡೆಯ ನೆಲ. ಮತ್ತೊಂದು ದಿನವಾಗಿದ್ದರೆ ತೆನೆ ಹೇಗೆ ಕಟ್ಟಿದೆ ಎಂದು ಅವರ ಕಣ್ಣು ತಾನಾಗಿ ಹುಡುಕುತ್ತಿತ್ತು. ಇಂದು ಅವರ ಕಣ್ಣು ಬಸ್ಸಿನ ನೆಲದ ಮೇಲೇ ಇದೆ. ಹೋದ ವರ್ಷ ಶೈಲಜಾ ಬಿದ್ದಾಗ ಕಣದ ಮಗ್ಗುಲಲ್ಲೇ ಇದ್ದರು. ಬಿದ್ದ ಹುಡುಗಿ ಅಳಲಿಲ್ಲ, ಕೂಗಲಿಲ್ಲ. ಉಳಿದ ಮಕ್ಕಳೂ ನಿಂತಲ್ಲೇ ನಿಂತರು. ಕಣದ ತುಂಬ ಒಂದು ಗಾಲಿಯ ಸದ್ದಿಲ್ಲ. ಒಳ್ಳೆಯ ಬೇರಿಂಗ್ ಮಾತಾಡದಿದ್ದರೆ ಹಗುರಾಗುವ ಮನಸ್ಸು, ಮಗು ಮಾತಾಡದಿದ್ದಾಗ ಏನಾಯಿತೆಂದು ಅವರು ಇವತ್ತಿಗೂ ಸರಿಯಾಗಿ ಹೇಳಲಾರರು. "ಆ ಮೌನ ಬ್ಯಾರೆ ಇತ್ತರೀ" ಎಂದಷ್ಟೇ ಅನ್ನುತ್ತಾರೆ.

ಲಿಂಗಸುಗೂರಿನಲ್ಲಿ ಬಸ್ಸಿಳಿದು ಆಟೋ ಹತ್ತಿ ಶಾಲೆಯ ಅಂಗಳ ಮುಟ್ಟುವಾಗ ಓಟ ಶುರುವಾಗಿದೆ. ಸೀಟಿಯ ಸದ್ದು ಗೇಟಿಗೇ ಕೇಳಿಸುತ್ತದೆ. ಕಾಂಕ್ರೀಟ್ ಅಂಗಳದಲ್ಲಿ ಹೆಲ್ಮೆಟ್ ಹಾಕಿದ ಮಕ್ಕಳು ಒಬ್ಬರ ಹಿಂದೊಬ್ಬರು ಬಾಗಿ ತಿರುವು ತೆಗೆದುಕೊಳ್ಳುತ್ತಿದ್ದಾರೆ. ಎಲ್ಲ ಹೆಲ್ಮೆಟ್‌ಗಳೂ ಒಂದೇ ಥರ. ಗಂಗಾದೇವಿ ಒಂದೊಂದೇ ಕಾಲು ನೋಡುತ್ತಾ ಅಂಚಿನುದ್ದಕ್ಕೂ ಓಡುತ್ತಾರೆ.

ಮೆಟ್ಟಿಲ ಹತ್ತಿರ ಪರಿಚಯದ ದನಿ. ಶೈಲಜಾ ಒಂದು ಸ್ಕೇಟ್ ಕಾಲಿಗೆ, ಇನ್ನೊಂದು ಕೈಯಲ್ಲಿ ಹಿಡಿದು ಶಿವಕಾಂತರ ಜೊತೆ ಜಗಳಕ್ಕೆ ನಿಂತಿದ್ದಾಳೆ. ಅವಳ ಸರದಿಗೆ ಇನ್ನೊಂದೇ ಓಟ ಬಾಕಿ.

"ಬಿಗಿದ್ರ ಎರಡು ಗಾಲಿ ನಿಲ್ತಾವ ಅಂದ್ರ ಒಳಗ ಏನೋ ಆಗೇತಿ. ಇಳಿಯಬ್ಯಾಡ" ಎನ್ನುತ್ತಿದ್ದಾರೆ ಶಿವಕಾಂತ.

"ಸಡಿಲ ಬಿಟ್ರ ಓಡ್ತಾವ್ರಿ ಸರ್. ನೋಡ್ರಿ, ಹೆಂಗ ತಿರುಗಾಕತ್ತಾವ."

"ಬೋಲ್ಟು ಉದುರಿದ್ರ?"

"ಉದುರಂಗಿಲ್ಲ ಸರ್. ಗಂಗತ್ತಿ ಕೂಡ್ಸ್ಯಾಳ. ಅಕಿ ಕೂಡ್ಸಿದ್ದು ಅಂದ್ರ ಮುಗೀತು. ಬಿಗಿದ್ರ ನಿಲ್ತಾವಂದ್ರ ಈ ಬೋಲ್ಟೇ ಸರಿ ಇಲ್ಲ."

ಅವಳ ಬೆನ್ನ ಹಿಂದೆ ನಿಂತ ಗಂಗಾದೇವಿಗೆ ಆ ಮಾತು ಕೇಳಿಸುತ್ತದೆ. ದಾರಿಯುದ್ದಕ್ಕೂ ಅವರು ಹೆದರಿದ್ದು ಗಾಲಿಗೆ. ಹುಡುಗಿಯನ್ನು ಅಂಗಳಕ್ಕೆ ಇಳಿಸಲು ಹೊರಟಿದ್ದು ಗಾಲಿಯಲ್ಲ, ತನ್ನ ಹೆಸರು ಎಂಬುದು ಈಗ ಎದೆಗೆ ಬಡಿಯುತ್ತದೆ.

"ತಪ್ಪು ಗಂಗತ್ತೀದ ಐತಿ" ಎನ್ನುತ್ತಾರೆ. "ತಾ ಇಲ್ಲಿ ಆ ಸ್ಕೇಟ್."

ಶೈಲಜಾ ತಿರುಗಿ ನೋಡಿ ಬಾಯಿ ತೆರೆಯುತ್ತಾಳೆ. ಗಂಗಾದೇವಿ ಆಗಲೇ ನೆಲಕ್ಕೆ ಕೂತಾಗಿದೆ. ಸೆರಗಿನ ಗಂಟು ಬಿಚ್ಚಿ, ಬೋಲ್ಟು ಕಳಚಿ, ಒಂದು ಬೇರಿಂಗ್ ಹೊರತೆಗೆದು, ನೀಲಿ ಬುಷ್ ಒಳಗಿಟ್ಟು, ಮತ್ತೆ ಬೇರಿಂಗ್ ಒತ್ತಿ ಕೂಡಿಸುತ್ತಾರೆ. ಎರಡನೆಯದಕ್ಕೂ ಹಾಗೆಯೇ. ಶಿವಕಾಂತ ಬೋಲ್ಟು ಹಿಡಿದು ಕೊಡುತ್ತಾರೆ. "ಈಗ ನೀ ಬಿಗಿ" ಎಂದು ಕೀಲಿಯನ್ನು ಹುಡುಗಿಯ ಕೈಗೆ ಕೊಡುತ್ತಾರೆ ಗಂಗಾದೇವಿ. ಶೈಲಜಾ ಬಿಗಿಯುತ್ತಾಳೆ. ತಿರುಗಿಸುತ್ತಾಳೆ. ಎಂಟೂ ಓಡುತ್ತವೆ.

ಸೀಟಿ ಊದುತ್ತಾರೆ. ಹುಡುಗಿ ಹೋಗುತ್ತಾಳೆ.

ಓಟದಲ್ಲಿ ಅವಳು ಎಷ್ಟನೆಯವಳಾಗಿ ಬಂದಳೆಂದು ಗಂಗಾದೇವಿ ನೋಡಲಿಲ್ಲ. ತಿರುವುಗಳನ್ನು ಮಾತ್ರ ನೋಡಿದರು. ಎರಡನೆಯ ಸುತ್ತಿನವರೆಗೆ ಹೋದ ಶೈಲಜಾ ತಂಡಕ್ಕೆ ಆಯ್ಕೆಯಾಗಲಿಲ್ಲ. ಕೆಂಪು ಮುಖ ಮಾಡಿಕೊಂಡು, ಎರಡು ಕೈ ಬೀಸುತ್ತ ಮರಳಿ ಬಂದಳು. ಎರಡೂ ಕೈ. ಅದನ್ನು ನೋಡಿದ ಮೇಲೆ ಗಂಗಾದೇವಿ ಮೆಟ್ಟಿಲ ಮೇಲೆ ಕೂತುಬಿಟ್ಟರು.

ನೆರಳಿಗೆ ಕೂತಿದ್ದ ಪಾರ್ವತೆಮ್ಮ ಆಗ ಎದ್ದು ಬಂದರು. ಗಂಗಾದೇವಿ ಮುಚ್ಚಿಡಲಿಲ್ಲ, ತೌಡು, ಜರಡಿ, ಬಸ್ಸು ಎಲ್ಲವನ್ನೂ ಹೇಳಿದರು. ಬೈಗುಳಕ್ಕೆ ಕಾಯುತ್ತ ತಲೆ ತಗ್ಗಿಸಿದರು. ಪಾರ್ವತೆಮ್ಮ ಬುತ್ತಿಗಂಟು ಬಿಚ್ಚಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕಿ ಮುಂದೆ ಹಿಡಿದರು. "ಮುಂಜಾನಿಂದ ಏನೂ ತಿಂದಂಗಿಲ್ಲ ನೀ. ತಿನ್ನು. ನಿನ್ನೆ ನಾ ಬಂದು ಬಾಯಿ ಮಾಡಿದ್ದಕ್ಕ ಹಂಗಾತು. ಖರೆ ಹೇಳ್ಬೇಕಂದ್ರ ಅರ್ಧ ತಪ್ಪು ನಂದ ಐತಿ."

"ಇನ್ನರ್ಧ ಅಜ್ಜಿ?" ಎಂದಳು ಶೈಲಜಾ, ರೊಟ್ಟಿಗೆ ಕೈಹಾಕುತ್ತ.

"ಇನ್ನರ್ಧ ಎದುರು ಮಾತಾಡಿದ ನಿಂದು. ಸುಮ್ಕ ತಿನ್ನಬೇ."

ಗಂಗಾದೇವಿ ಅಂದು ಮೊದಲ ಸಲ ನಕ್ಕರು. ವಾಪಸು ಬರುವಾಗ ಕ್ರೂಸರ್‌ನಲ್ಲಿ ಮಕ್ಕಳ ನಡುವೆ ಕೂತು, ಮಸ್ಕಿ ಬರುವುದರೊಳಗೆ ನಿದ್ದೆ ಹೋಗಿದ್ದರು.

ಈಗ ಅಂಗಡಿಯಲ್ಲಿ ಒಂದು ಹೊಸ ಪದ್ಧತಿ ಬಂದಿದೆ. ತೌಡಿನ ತಟ್ಟೆ ಹೋಗಿಲ್ಲ; ಆದರೆ ಬುಷ್‌ಗಳನ್ನು ದಾರಕ್ಕೆ ಪೋಣಿಸಿಯೇ ಅದರೊಳಗೆ ಹಾಕುತ್ತಾರೆ, ಒಬ್ಬೊಬ್ಬರದು ಒಂದೊಂದು ಸರ. ಇನ್ನೊಂದು, ಯಾವ ಮಗುವಿಗೂ ಸ್ಕೇಟ್ ಹಾಗೆಯೇ ಕೊಟ್ಟು ಕಳಿಸುವುದಿಲ್ಲ. ಮಕ್ಕಳು ಅಲ್ಲೇ ಕೂತು, ಬೋಲ್ಟುಗಳನ್ನು ಪೂರ್ತಿ ಬಿಗಿದು, ತಿರುಗಿಸಿ ನೋಡಿ ಒಯ್ಯಬೇಕು. ಶನಿವಾರ ಸಂಜೆ ಬೇರಿಂಗ್ ಕೊಳ್ಳಲು ಬಂದ ರೈತರು ಮಕ್ಕಳ ಸಾಲನ್ನು ದಾಟಿ ಒಳಗೆ ಹೋಗಬೇಕಾಗುತ್ತದೆ. "ನನ್ನ ಅಂಗಡಿ ಅಂಗನವಾಡಿ ಆಗೇತಿ" ಎಂದು ಉಸ್ಮಾನ್‌ಸಾಬ್ ಗೊಣಗುತ್ತಾರೆ, ಕೂರಲು ಚಾಪೆ ತಂದು ಹಾಸಿದವರೂ ಅವರೇ.

ಮೊನ್ನೆಯ ಶನಿವಾರ ಶೈಲಜಾ ತನ್ನ ಗಾಲಿಗಳನ್ನು ಒಂದೊಂದಾಗಿ ನೋಡಿ, ಒಂದಕ್ಕೆ ಬಂದು ನಿಂತಳು. ಮತ್ತೆ ತಿರುಗಿಸಿದಳು. "ಅತ್ತಿ, ಇದು ಬರೋಬ್ಬರಿ ಇಲ್ಲ."

ಗಂಗಾದೇವಿ ಅದನ್ನು ತೆಗೆದುಕೊಂಡು ನೋಡಿದರು. ಅವರಿಗೇನೂ ಗೊತ್ತಾಗಲಿಲ್ಲ. "ಛಲೋ ಐತಲ್ಲಬೇ."

"ಇಲ್ಲತ್ತಿ. ಬಿಚ್ಚು."

ಬಿಚ್ಚಿದರು. ಬೇರಿಂಗಿನ ಒಂದು ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಅಂಚು ಕೂದಲೆಳೆಯಷ್ಟು ಎದ್ದು ಉಜ್ಜುತ್ತಿತ್ತು. ಗಂಗಾದೇವಿ ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂಡಿಸಿ ಹುಡುಗಿಯ ಮುಖ ನೋಡಿದರು. ಗ್ರೀಸಿನ ಆ ಮೊದಲ ತಪ್ಪು ಬಿಟ್ಟರೆ, ಮೂರು ವರ್ಷದಲ್ಲಿ ಅವರ ಕೆಲಸಕ್ಕೆ ಯಾರೂ ಹೀಗೆ ಎದುರು ಹೇಳಿರಲಿಲ್ಲ. ಅವರ ಮುಖ ಅರಳಿತ್ತು.

ಮುಂದೇನು ಆಸೆ ಎಂದು ಕೇಳಿದರೆ ಕೈ ಒರೆಸಿಕೊಳ್ಳುತ್ತ ಹೇಳುತ್ತಾರೆ: "ನನಗೇನ್ರಿ ಆಸಿ? ಇಕಿ ಹಂಗ ನನ್ನ ನಂಬದ ಹುಡುಗರು ಇನ್ನಾ ನಾಕು ಮಂದಿ ತಯಾರಾಗ್ಲಿ. ಆಟ ಇದ್ದ ದಿನಾನೂ ನಾ ಆರಾಮ ಮಲಗ್ತೀನಿ."